ಬಾಕಿ ಸಹರಿ

ನಾಕಕ್ಕ ಮಸೀದಿ ಮೈಕು ಕೆಮ್ಮತೈತಿ.
ಅದಕ್ಕಿಂತ ಮೊದಲೇ ನಮ್ಮತ್ತಿ ದಾವಲಬಿ
ಕೊಣಮಿಗ್ಯಾಗ ಹಿಟ್ಟು ಸುರುವಿರತಾಳ.
ಅಕಿ ರೊಟ್ಟಿ ಬಡಿಯೋ ಸಪ್ಪಳಕ್ಕ
ಇಳಕಲ್ಲಿನ ಈ ಓಣಿ ಮಗ್ಗಲಾ ಬದಲಸತೈತಿ.
ಮಗ್ಗ ಮಾತ್ರ ಏಳಂಗಿಲ್ಲ,
ತನ್ನ ಕುಣಿ ಮ್ಯಾಲೆ
ಅರ್ಧ ಸೀರಿ ಹೊಚಗೊಂಡು ಮಲಗಿರತೈತಿ.

ನನ್ನ ಗಂಡ ಮಾತಿಲ್ಲದ ಉಣತಾನ,
ಮೈದುನ ಲಾಲಸಾಬ ಕಣ್ಣು ತೆರಿಲಾರದ.
ಒಂಬತ್ತು ವರ್ಷದ ಮುರ್ತುಜಾ
ಮಧ್ಯಾಹ್ನತನಕಷ್ಟ ಹಿಡಿಯೋ ರೋಜಾಕ್ಕ
ಮೂರು ರೊಟ್ಟಿ, ಒಂದು ವಾಟೆ ಮೊಸರು,
ಮ್ಯಾಲೊಂದು ಚಂಬು ನೀರು
ಒಂಟಿಯಂಗ ತುಂಬಕೋತಾನ.
‘ಇನ್ನ ಹತ್ತು ಮಿನಿಟು’ ಅಂತೈತಿ ಮೈಕು.
ಮಾವ ತಟಿಗಿ ಸರಿಸಿ ಗಡ್ಡ ಒರಸಿಕೊಂಡ.
ಎಲ್ಲಾರೂ ನಿಯತ್ ಮಾಡಿದರು.
ನಾನೂ ಸೆರಗು ಎಳಕೊಂಡು ತುಟಿ ಅಲ್ಲಾಡಿಸಿದೆ.
ತುಟಿಯೊಳಗ ಏನೂ ಇದ್ದಿಲ್ಲ.

ಮನಿಗೆಲ್ಲಾ ರೋಜಾ,
ನನಗ ಆವತ್ತಿನಿಂದ ರಜಾ.

ದೇವರೇ ಕೊಟ್ಟ ರಜಾ, ಖರೆ.
ಆದ್ರ ಅರ್ಜಿ ಬರಿಯೋ ಹಂಗಿಲ್ಲ, ಹೇಳೋ ಹಂಗಿಲ್ಲ.
ಮಾವನ ಮುಂದ
ತುಟಿ ಒಣಗಿಸಿಕೊಂಡು ಅಡ್ಡಾಡಬೇಕು,
ಬಚ್ಚಲದಾಗ ನೀರು ಕುಡದು
ಗುಟುಕಿನ ಸಪ್ಪಳ ಗಂಟಲದಾಗ ಹುಗೀಬೇಕು.
‘ಅಮ್ಮಾ, ನಿಂದೆಷ್ಟು ರೋಜಾ ಆದವು?’
ಮುರ್ತುಜಾ ಇದ್ದಿಲಿಲೆ ಗ್ವಾಡಿಗೆ ಗೆರಿ ಎಳೀತಾನ,
ತನಗ ಅರ್ಧ, ನನಗ ಪೂರಾ.
ನನ್ನ ಹೆಸರಿಗೆ ಏಳು ಸುಳ್ಳು ಗೆರಿ.

ಮಧ್ಯಾಹ್ನ, ಗಂಡಸರು ನಮಾಜಿಗೆ ಹೋದ ಮ್ಯಾಲೆ
ಅತ್ತಿ ಬಾಗಲದಾಗಿಂದ ಕೂಗಿದಳು:
‘ಕುಣ್ಯಾಗ ಲಾಳಿ ಬಿದ್ದೈತಿ, ತಗೀಯವಾ.’
ಇಳದೆ. ಲಾಳಿ ಇದ್ದಿಲ್ಲ.
ತುಳಿಮಣಿ ಬಾಜೂಕ, ಅರಿವಿ ಮುಚ್ಚಿದ ತಟಿಗಿ:
ಎರಡು ರೊಟ್ಟಿ, ಗುರೆಳ್ಳ ಹಿಂಡಿ,
ಉಳ್ಳಾಗಡ್ಡಿ ಒಡದದ್ದು.

ಅಕಿ ನನ್ನ ಕಡೆ ಬೆನ್ನು ಮಾಡಿ
ರಾಟಿ ತಿರುವಲಿಕ್ಕೆ ಹತ್ತಿದಳು.
ಉಪವಾಸದ ಮುದುಕಿ, ಅಷ್ಟು ಜೋರಾಗಿ ಯಾಕ?
ನಾನು ರೊಟ್ಟಿ ಮುರಿದಾಗ ತಿಳೀತು.

ಏಳು ದಿನ, ಏಳು ಸಲ ಬಿತ್ತು ಲಾಳಿ.
ಒಂದು ಸಲಾನೂ ಅಕಿ ಕೇಳಲಿಲ್ಲ,
ನಾನು ಹೇಳಲಿಲ್ಲ.
ಒಡಲು ಹತ್ತಿ, ಸೆರಗು ರೇಷ್ಮಿ,
ಎಳಿಗೆ ಎಳಿ ಕೊಂಡಿ ಹಾಕಿ ಕೂಡಸೋದು
ನಮ್ಮ ಮನ್ಯಾಗ ಅಕಿದೇ ಕೆಲಸ.
‘ಕೊಂಡಿ ಕಾಣಬಾರದು’ ಅಂತಿರತಾಳ,
‘ಕಂಡ್ರ ಸೀರಿ ಸೋತಂಗ.’

ಹಬ್ಬ ಬಂತು, ಹೋತು.
ಶೀರಖುರ್ಮಾದ ಪಾತೇಲಿ ತಿಕ್ಕಿಟ್ಟೆ.
ಗ್ವಾಡಿಗೆ ಸುಣ್ಣ ಹೊಡೆದರು, ಗೆರಿ ಹೋದವು.
ಬಾಕಿ ಉಳೀತು.

ಥಂಡಿ ದಿನ ಗಿಡ್ಡ ಅಂತ
ಡಿಸೆಂಬರದಾಗ ತೀರಿಸಲಿಕ್ಕೆ ಎದ್ದೆ.
ಮೈಕು ಕೆಮ್ಮಲಿಲ್ಲ.
ಒಂದು ಮನಿಯಾಗೂ ದೀಪ ಇಲ್ಲ,
ಓಣಿ ನಾಯಿ ಸೈತ
‘ಇಕಿಗೇನಾತು’ ಅಂತ ಕಿವಿ ಎತ್ತಿ ನೋಡಿ
ಮತ್ತ ಬಾಲದಾಗ ಮಾರಿ ಇಟ್ಟಿತು.
ನಿನ್ನಿನ ರೊಟ್ಟಿ ನೀರಿಗೆ ಅದ್ದಿ
ಕತ್ತಲದಾಗೇ ಉಂಡರಾತು ಅಂತ ಕುಂತೆ.

ಕೊಣಮಿಗಿ ಸಪ್ಪಳಾತು.

ಅಕಿಗೆ ರಜಾ ನಿಂತು ಹನ್ನೆರಡು ವರ್ಷಾತು,
ಅಲ್ಲಾನ ವಹಿಯಾಗ ಅಕಿದೊಂದು ದಿನಾನೂ ಬಾಕಿ ಇಲ್ಲ.
‘ಮುಪ್ಪಿನ ಹೊಟ್ಟಿ, ವ್ಯಾಳ್ಯಾ ತಿಳಿಯಂಗಿಲ್ಲ ನೋಡು’
ಅಂತಂದು ಒಲಿ ಊದಿದಳು,
ಬಿಸಿ ರೊಟ್ಟಿ ಎರಡು ಹೋಳು ಮಾಡಿ
ದೊಡ್ಡದು ನನ್ನ ಕಡೆ ನೂಕಿದಳು.

ಕೌದಿಯೊಳಗಿಂದ ಮುರ್ತುಜಾ ತಲಿ ಎತ್ತಿದ:
‘ದಾದಿ, ರಮಜಾನ ಬಂತೇನು?
ಯಾರದು ರೋಜಾ?’

ಅಕಿ ಬಾಯಾಗ ರೊಟ್ಟಿ ಇಟಗೊಂಡೇ ಅಂದಳು:
‘ಮಗ್ಗದ್ದು. ಮಲಕೋ.’